ಪರವಲಯದ ಮೂರನೆಯ ಒಂದು ಪಾಲು

ಅಡಿಗೆಮನೆಯಲ್ಲಿ ಕ್ಯಾರೆಟ್ಟನ್ನು ನೇರ ಅಡ್ಡಕ್ಕೆ ಕೊಯ್ದರೆ ವೃತ್ತ ಕಾಣುವುದು. ಕೊಂಚ ಓರೆಯಾಗಿ ಕೊಯ್ದರೆ ದೀರ್ಘವೃತ್ತ. ಅದರ ಪಕ್ಕದ ಇಳಿಜಾರಿಗೆ ಸಮಾನಾಂತರವಾಗಿ ಕೊಯ್ದಾಗ ಕಾಣುವ ಬಾಗಿದ ಅಂಚಿಗೆ ಪರವಲಯವೆಂದು ಹೆಸರು. ಗ್ರೀಕರ ಆರ್ಕಿಮಿಡೀಸನು ಕ್ರಿಸ್ತಪೂರ್ವ 3ನೆಯ ಶತಮಾನದಲ್ಲಿಯೇ ಅದರೊಳಗಿನ ಕ್ಷೇತ್ರಫಲವನ್ನು ಅಳೆದನು.

ನಾವೂ ಅಳೆಯಬಹುದು. ಮಕ್ಕಳ ಚೌಕದ ಕಾಗದದಲ್ಲಿ ಒಂದೊಂದು ಮನೆ ಅಗಲದ ಹತ್ತು ಕಂಬಗಳನ್ನು ಒತ್ತಾಗಿ ನಿಲ್ಲಿಸಿರಿ. ಎತ್ತರ 1, 4, 9, 16, ಹೀಗೆ 100ರವರೆಗೆ. (ಕಾಗದ ಸಾಲದಾದರೆ ಎತ್ತರದ ಅಳತೆಯನ್ನು ಕುಗ್ಗಿಸಿಕೊಳ್ಳಿ.) ಕಂಬಗಳ ಬಲ ತುದಿಗಳನ್ನು ಬಾಗುಗೆರೆಯಿಂದ ಕೂಡಿಸಿದರೆ ಪರವಲಯವಾಯಿತು. ಸುತ್ತಲಿನ ಆಯತ 1,000. ಕಂಬಗಳೆಲ್ಲ ಸೇರಿ 385. ನೂರು ಕಂಬಗಳಾದರೆ 10,00,000ಕ್ಕೆ 3,38,350. ಕಂಬಗಳು ಹೆಚ್ಚಿ ಸಣ್ಣದಾದಷ್ಟೂ ಈ ಪಾಲು ಮೂರರಲ್ಲೊಂದಕ್ಕೆ ಹತ್ತಿರವಾಗುತ್ತ ಹೋಗುವುದು. ಗೆರೆಯ ಕೆಳಗಿನ ಪಾಲು ಸರಿಯಾಗಿ ಮೂರರಲ್ಲೊಂದು.

ಈ ವರ್ಗಗಳ ಮೊತ್ತಕ್ಕೆ 'ವರ್ಗಸಂಕಲಿತ'ವೆಂದು ಹೆಸರಿಟ್ಟು, ಅದು ಮೂರರಲ್ಲೊಂದು ಏಕಾಗುವುದೆಂದು ಯುಕ್ತಿಸಹಿತ ತಿಳಿಸಿದ ಗ್ರಂಥವೊಂದು ನಾವಿರುವ ಈ ನಾಡಿನಲ್ಲಿಯೇ ಹುಟ್ಟಿತು. ಅದು ಸುಮಾರು 1530ರಲ್ಲಿ ಜ್ಯೇಷ್ಠದೇವನು ಬರೆದ 'ಯುಕ್ತಿಭಾಷಾ'. ಭಾಷೆ ಮಲಯಾಳ, ಅದೂ ಗದ್ಯ! ಆದರೂ ವರ್ಗ, ಘನ, ಭುಜ, ಕರ್ಣ ಎಂಬ ಮಾತುಗಳು ನಮ್ಮ ಶಾಲೆಯವೇ ಆದ್ದರಿಂದ ಕನ್ನಡಿಗರು ಅಂಜಬೇಕಾಗಿಲ್ಲ. ಅದರ ಗಣಿತಭಾಗವನ್ನು ರಾಮವರ್ಮ ಮರು ತಂಬುರಾನ್ ಮತ್ತು ಎ. ಆರ್. ಅಖಿಲೇಶ್ವರ ಅಯ್ಯರ್ ಟಿಪ್ಪಣಿಗಳೊಡನೆ ಸಂಪಾದಿಸಿದರು. 1948ರಲ್ಲಿ ತ್ರಿಶ್ಶೂರಿನ ಮಂಗಳೋದಯಂನಿಂದ ಅಚ್ಚಾಯಿತು. ತಂಬುರಾನರು ನಮ್ಮ ತ್ರಿಪ್ಪುಣಿತ್ತುರದಲ್ಲಿ ನೆಲೆಸಿದ್ದ ಕೊಚ್ಚಿ ರಾಜಮನೆತನದವರು. ಅರಮನೆ ನೋಡಲು ಬರುವ ನೆಂಟರಿಗೆ ನಾವು ಕಿರೀಟ, ಪಲ್ಲಕ್ಕಿಗಳ ಮಾತನ್ನೇ ಆಡುವೆವಲ್ಲದೆ ಈ ಪುಸ್ತಕದ ಮಾತೆತ್ತುವುದಿಲ್ಲ.

ಹಾಗೆಂದು "ಪರವಲಯವನ್ನೂ ನಮ್ಮವರೇ ಕಂಡುಹಿಡಿದರು" ಎಂದು ಜಂಬ ಕೊಚ್ಚುವುದು ನನಗೆ ಒಪ್ಪಿಗೆಯಿಲ್ಲ. ಯುಕ್ತಿಭಾಷೆಯಲ್ಲಿ ಪರವಲಯದ ಪ್ರಸ್ತಾಪವಿಲ್ಲ. ಜ್ಯೇಷ್ಠದೇವನಿಗೆ ಬೇಕಾಗಿದ್ದುದು ವೃತ್ತದ ಪರಿಧಿ. ಮಾಧವನ ಕ್ರಮದಂತೆ ವ್ಯಾಸದ ನಾಲ್ಕರಷ್ಟನ್ನು 1 − 1/3 + 1/5 − 1/7 … ಎಂಬ ಮುಗಿಯದ ಶ್ರೇಣಿಯಿಂದ ಗುಣಿಸಿದರೆ ಪರಿಧಿ ಬರುವುದು. ಅಲ್ಲಿ ಕಳೆಯುವ 1/3 ಎಲ್ಲಿಂದ ಬಂತು? ಇದೇ ವರ್ಗಸಂಕಲಿತದಿಂದ. ಆರ್ಕಿಮಿಡೀಸನು ಪರವಲಯವನ್ನು ಅಳೆಯ ಹೊರಟು ಕಂಡುದನ್ನೇ ಇವರು ಪರವಲಯದ ಗೊಡವೆಯಿಲ್ಲದೆ, ವೃತ್ತದ ದಾರಿಯಲ್ಲಿ ಕಂಡರು. ನನಗೆ ಜಂಬಕ್ಕಿಂತ ಇದೇ ಹೆಚ್ಚು ಸ್ವಾರಸ್ಯವೆನಿಸುತ್ತದೆ.

ಮುಂದಿನ 1/5 ನಾಲ್ಕನೆಯ ಘಾತದ ಮೊತ್ತದಿಂದ ಬರುವುದು. ರಜೆಯಲ್ಲಿ ಮಕ್ಕಳು 1, 16, 81 ಎಂದು ಕಂಬಗಳನ್ನು ನಿಲ್ಲಿಸಿ ನೋಡಲಿ. ಹತ್ತು ಕಂಬಗಳಿಗೆ 1,00,000ದಲ್ಲಿ 25,333 ಬರಬೇಕು. ಐದರಲ್ಲೊಂದಕ್ಕೆ ಇನ್ನೂ ದೂರವಿದೆಯೆಂದರೆ, ನೂರು ಕಂಬಗಳನ್ನು ಹಾಕಲಿ.