ಹೆಗಲಿನ ಒಳಗುಟ್ಟು

ಸಂಸಾರದ ಭಾರವಾಗಲಿ, ಊರಿನ ಹೊಣೆಯಾಗಲಿ, ಎಲ್ಲವನ್ನೂ ಹೆಗಲ ಮೇಲೆ ಹೊರಿಸುವುದು ನಮ್ಮ ಮಾತಿನ ವಾಡಿಕೆ. ಆ ಹೆಗಲು ಎಷ್ಟು ನಾಜೂಕಾದುದೆಂಬುದು ನನಗೆ ಅರಿವಾದುದು, ಕರಿಹಲಗೆಯ ಮೇಲಂಚಿಗೆ ಕೈಯೆತ್ತಲಾರದೆ ಸೀಮೆಸುಣ್ಣವನ್ನು ಕೆಳಗಿಟ್ಟ ದಿನ. ಹಿಂದಿನ ವಾರವಷ್ಟೇ ಅಟ್ಟದಿಂದ ಪುಸ್ತಕದ ಗಂಟನ್ನು ಇಳಿಸುವಾಗ ಛಳಕು ಹೊಡೆದಿತ್ತು.

ತೋಳಿನ ಮೂಳೆಯ ದುಂಡುತಲೆ ಕುಳಿತಿರುವ ಬಟ್ಟಲು ಆಳವಿಲ್ಲದ್ದು. ಆದುದರಿಂದಲೇ ತೋಳು ಎಲ್ಲ ದಿಕ್ಕಿಗೂ ತಿರುಗಬಲ್ಲುದು. ಆದುದರಿಂದಲೇ ಸುಲಭವಾಗಿ ಜಾರಲೂ ಬಲ್ಲುದು. ಸುತ್ತಲಿನ ನಾಲ್ಕು ಸ್ನಾಯುಗಳೂ ಅವುಗಳ ತುದಿಯ ರಜ್ಜುಗಳೂ ಅದನ್ನು ಹಿಡಿದಿಟ್ಟಿವೆ. 1895ರಲ್ಲಿ ರಾಂಟ್‌ಜನ್ ಕಂಡುಹಿಡಿದ ಕ್ಷ-ಕಿರಣ ಮೂಳೆಯನ್ನು ತೋರಿಸೀತು; ಹರಿದ ರಜ್ಜುವನ್ನು ತೋರಿಸದು.

ಆ ಕೊರತೆಯನ್ನು ನೀಗಿದುದು ಎಂ.ಆರ್.ಐ. ನಮ್ಮ ಮೈಯ ನೀರಿನಲ್ಲಿ ಜಲಜನಕವಿದೆ. ಅದರ ಒಂದೊಂದು ಪರಮಾಣುಬೀಜವೂ ಪುಟ್ಟ ಅಯಸ್ಕಾಂತ. ಭೂಮಿಯ ಕಾಂತಕ್ಷೇತ್ರಕ್ಕಿಂತ ಸುಮಾರು 30,000 ಮಡಿ ಬಲವಾದ, 1.5 ಟೆಸ್ಲಾ ಕ್ಷೇತ್ರದೊಳಗೆ ಅವುಗಳನ್ನು ರೇಡಿಯೊ ಅಲೆಯಿಂದ ಕದಲಿಸಿದರೆ, ಮೊದಲಿನ ಸ್ಥಿತಿಗೆ ಮರಳುವಾಗ ಕ್ಷೀಣವಾದ ಸಂಕೇತವನ್ನು ಹೊರಡಿಸುತ್ತವೆ. ಕೊಬ್ಬು, ಸ್ನಾಯು, ಊತದ ನೀರು ಇವುಗಳ ಸಂಕೇತಗಳು ಬೇರೆ ಬೇರೆ. ಗಣಕಯಂತ್ರ ಅವನ್ನು ಚಿತ್ರವಾಗಿಸುತ್ತದೆ. ಈ ಬಗೆಯ ಚಿತ್ರವನ್ನು 1973ರಲ್ಲಿ ಪ್ರಕಟಿಸಿದ ಲಾಟರ್‌ಬರ್ ಅವರಿಗೂ, ವಿಧಾನವನ್ನು ಬೆಳೆಸಿದ ಮ್ಯಾನ್ಸ್‌ಫೀಲ್ಡ್ ಅವರಿಗೂ 2003ರಲ್ಲಿ ನೊಬೆಲ್ ಬಹುಮಾನ ಸಂದಿತು.

"ಉಂಗುರ, ಗಡಿಯಾರ ತೆಗೆದಿಡಿ ಸಾರ್. ಎದೆಯೊಳಗೆ ಪೇಸ್‌ಮೇಕರ್ ಏನಾದರೂ ಇದೆಯೆ?" ಎಂದು ಕೇಳಿ ನನ್ನನ್ನು ಸುರಂಗದೊಳಗೆ ತಳ್ಳಿದರು. ಅರ್ಧ ಗಂಟೆ ಕಿವಿಯ ಬಳಿ ಸುತ್ತಿಗೆಯ ಬಡಿತ. ವರದಿಯಲ್ಲಿದ್ದುದು: ರಜ್ಜು ಭಾಗಶಃ ಹರಿದಿದೆ.

"ಶಸ್ತ್ರಕ್ರಿಯೆಯೇ ಆಗಬೇಕೆ ಡಾಕ್ಟರೇ?" ಎಂದೆ.

ಅವರು ಚಿತ್ರವನ್ನು ಬದಿಗಿಟ್ಟು, ನನ್ನ ತೋಳನ್ನು ಎತ್ತಿ, ತಿರುಗಿಸಿ, ಒತ್ತಿ ನೋಡಿದರು. "ನಾವು ಚಿತ್ರಕ್ಕೆ ಚಿಕಿತ್ಸೆ ಮಾಡುವುದಿಲ್ಲ ಮೇಷ್ಟ್ರೇ, ಮನುಷ್ಯನಿಗೆ ಮಾಡುತ್ತೇವೆ" ಎಂದರು.

ಅವರ ಮಾತಿಗೆ ಆಧಾರವಿದೆ. 1995ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ನೋವೇ ಇಲ್ಲದ 96 ಜನರ ಹೆಗಲನ್ನು ಹೀಗೆ ಪರೀಕ್ಷಿಸಲಾಗಿತ್ತು. ಅವರಲ್ಲಿ ಸುಮಾರು ಮೂರನೆಯ ಒಂದು ಪಾಲಿನವರಿಗೆ ರಜ್ಜು ಹರಿದಿತ್ತು. 60 ದಾಟಿದವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿಗೆ! ಹರಿತ ಕಂಡ ಮಾತ್ರಕ್ಕೆ ನೋವಿನ ಮೂಲ ಅದೇ ಎನ್ನಲಾಗದು. ಆದರೆ ಬಿದ್ದು ಪೆಟ್ಟಾದ ಕೂಡಲೇ ಕೈ ಮೇಲೇಳದಾದರೆ ಉದಾಸೀನ ಸಲ್ಲದು. ಪೂರ್ಣ ಹರಿದ ರಜ್ಜುವನ್ನು ತಡವಾಗಿ ಹೊಲಿಯುವುದು ಕಷ್ಟ.

ನನಗೆ ದೊರೆತದ್ದು ಕತ್ತಿಯಲ್ಲ, ನಾಲ್ಕು ತಿಂಗಳ ವ್ಯಾಯಾಮ. ಈಗ ಹಲಗೆಯ ಮೇಲಂಚಿನಲ್ಲಿ ಮತ್ತೆ ದಿನಾಂಕ ಬರೆಯುತ್ತಿದ್ದೇನೆ.