ಫ್ಯಾಕ್ಸ್ ಯಂತ್ರದಲ್ಲಿ ಕೂಡಿಟ್ಟ ನಂಬರು: ಹುಡುಕುವುದು ಹೇಗೆ?



ಮೊಬೈಲು ಬಂದ ಮೇಲೆ ಫ್ಯಾಕ್ಸ್ ಬಳಕೆ ಕಡಿಮೆಯಾಗಿದೆ. ಆದರೂ ಸಿ. ಬೆಳಗಲ್ ಕಡೆಯ ತಾವು ಕರ್ನೂಲು ಅಥವಾ ಆದೋನಿಯ ಕಚೇರಿಗೆ ಕಾಗದ ಕಳುಹಿಸಬೇಕಾಗಿ ಬಂದರೆ ಈ ವಿಷಯ ತಿಳಿದಿರಲಿ.

ಪದೇ ಪದೇ ಬೇಕಾಗುವ ನಂಬರುಗಳನ್ನು ಯಂತ್ರದಲ್ಲೇ ಕೂಡಿಡಬಹುದು. ಕೆಲವಕ್ಕೆ ಒಂದೊಂದು ಗುಂಡಿ ಇರುತ್ತದೆ. ಉಳಿದವಕ್ಕೆ ಎರಡು ಅಥವಾ ಮೂರು ಅಂಕಿಯ ಗುರುತು. ಗುರುತು ಮರೆತರೆ ಹೆಸರಿನಿಂದ ಹುಡುಕಿರಿ. ಹೆಸರುಗಳು ಸಾಮಾನ್ಯವಾಗಿ ಇಂಗ್ಲಿಷ್ ಅಕ್ಷರಗಳಲ್ಲಿರುತ್ತವೆ. ಹೆಸರಿನ ಪಟ್ಟಿ ತೆರೆದು, ಕರ್ನೂಲಿನ 'ಕೆ' ಅಕ್ಷರಕ್ಕೆ 5ನೆಯ ಗುಂಡಿ, ಆದೋನಿಯ 'ಎ' ಅಕ್ಷರಕ್ಕೆ 2ನೆಯ ಗುಂಡಿ ಒತ್ತಿ, ಬಾಣದ ಗುಂಡಿಯಿಂದ ಮುಂದೆ ಸಾಗಿರಿ. ಯಂತ್ರದಿಂದ ಯಂತ್ರಕ್ಕೆ ಈ ಕ್ರಮ ತುಸು ಬೇರೆಯಾಗಬಹುದು.

ಹೆಸರು ಸಿಕ್ಕಿತೆಂದು ಕೂಡಲೇ ಸ್ಟಾರ್ಟ್ ಒತ್ತಬೇಡಿರಿ. ಪರದೆಯ ಮೇಲಿನ ನಂಬರನ್ನು ತಮ್ಮ ಚೀಟಿಯೊಂದಿಗೆ ತಾಳೆ ನೋಡಿರಿ. ಆದೋನಿಯ ಎಸ್.ಟಿ.ಡಿ. ಕೋಡ್ 08512, ಕರ್ನೂಲಿನದು 08518, ರಾಯಚೂರಿನದು 08532. ಒಂದಂಕಿ ತಪ್ಪಿದರೆ ಕಾಗದ ಬೇರೆ ಊರಿಗೆ, ಕರ್ನಾಟಕಕ್ಕೂ ಹೋದೀತು! ಕಚೇರಿಯೊಳಗಿನ ಎಕ್ಸ್‌ಚೇಂಜಿನಿಂದ ಹೊರಗೆ ಕರೆಯುವಾಗ ಮೊದಲು ಒತ್ತುವ ಅಂಕಿಯೂ ನಂಬರಿನೊಂದಿಗೆ ಸೇರಿರಬೇಕು.

ಅದೇ ಯಂತ್ರದ ರಿಸೀವರಿನಿಂದ ಮೊಬೈಲಿಗೆ ಮಾತನಾಡುವವರು, 2021ರ ಜನವರಿ 15ರಿಂದ ಸ್ಥಿರ ದೂರವಾಣಿಗೆ ಬಂದ ನಿಯಮದಂತೆ, ನಂಬರಿನ ಮುಂದೆ ಸೊನ್ನೆ ಸೇರಿಸತಕ್ಕದ್ದು. ಅದಕ್ಕೂ ಹಿಂದೆ ಸೊನ್ನೆಯಿಲ್ಲದೆ ಕೂಡಿಟ್ಟ ಮೊಬೈಲು ನಂಬರುಗಳನ್ನು ತಿದ್ದಿಸಿರಿ.

ಕೊನೆಗೊಂದು ಮಾತು. ಯಂತ್ರ ಕೊಡುವ 'ಓಕೆ' ಚೀಟಿಯ ಅರ್ಥ ಆಚೆಯ ಯಂತ್ರಕ್ಕೆ ಕಾಗದ ತಲುಪಿತೆಂದಷ್ಟೇ. ಯಾರ ಕೈ ಸೇರಿತೆಂದಲ್ಲ. ಪಾಸ್‌ಬುಕ್ಕಿನ ಪ್ರತಿ, ಕಬ್ಬಿನ ತೂಕದ ಚೀಟಿ ಕಳುಹಿಸಿದಾಗ ಫೋನು ಮಾಡಿ ಕೇಳಿಕೊಳ್ಳುವುದನ್ನು ಮರೆಯಬೇಡಿರಿ.