ತೋಳು ನೋಡಿದವರು ಪೆನ್ನು ನೋಡಲಿಲ್ಲ

ಜತ್ತ: ನಮ್ಮ ಕಡೆಯ ತಾಲೀಮುಗಳಲ್ಲಿ ಮೊದಲು ಗೋಡೆ ಮೇಲೆ ಹನುಮಪ್ಪನ ಫೋಟೊ ಒಂದೇ ಇರುತ್ತಿತ್ತು. ಕಬ್ಬಿಣದ ಸಾಮಾನು ಬಂದು ತಾಲೀಮು ಹೋಗಿ ಜಿಮ್ ಆದ ಮೇಲೆ ಹನುಮಪ್ಪನ ಬಾಜೂಕ ಹಾಲಿವುಡ್‌ನ ಸಿಲ್ವೆಸ್ಟರ್ ಸ್ಟಲೋನ್ ಬಂದು ನಿಂತ. ಹುಡುಗರಿಗೆ ಆತ ಬರೀ ‘ರ‍್ಯಾಂಬೋ’. ಆದರೆ ಆತನನ್ನು ಮೇಲೆತ್ತಿದ್ದು ತೋಳಲ್ಲ, ಬರವಣಿಗೆ ಎಂಬುದು ಬಹಳ ಮಂದಿಗೆ ಗೊತ್ತಿಲ್ಲ.

ಹುಟ್ಟುವಾಗ ಇಕ್ಕಳದ ಪೆಟ್ಟಿನಿಂದ ಸ್ಟಲೋನ್‌ನ ಮುಖದ ಎಡಭಾಗದ ನರಕ್ಕೆ ಏಟಾಗಿತ್ತು. ತುಟಿ ವಾರೆ, ಮಾತು ತೊದಲು. ಇಂಥವನಿಗೆ ಹೀರೋ ಪಾತ್ರ ಯಾರು ಕೊಡಬೇಕು? ಸಣ್ಣಪುಟ್ಟ ಪಾತ್ರ ಮಾಡಿಕೊಂಡಿದ್ದ.

1975ರ ಮಾರ್ಚ್ 24ರಂದು ಓಹಾಯೊದಲ್ಲಿ ಮಹಮ್ಮದ್ ಅಲಿ ಎದುರು ಚಕ್ ವೆಪ್ನರ್ ಎಂಬ, ಯಾರೂ ಲೆಕ್ಕಕ್ಕಿಡದ ಬಾಕ್ಸರ್ ಇಳಿದ. 9ನೇ ಸುತ್ತಿನಲ್ಲಿ ಅಲಿಯನ್ನೇ ಕೆಡವಿದ. ಕೊನೆಯ 15ನೇ ಸುತ್ತು ಮುಗಿಯಲು 19 ಸೆಕೆಂಡ್ ಇದ್ದಾಗ ಸೋತ. ಈ ಪಂದ್ಯ ನೋಡಿದ ಸ್ಟಲೋನ್ ಮೂರೂವರೆ ದಿನದಲ್ಲಿ ‘ರಾಕಿ’ ಚಿತ್ರಕಥೆಯ ಮೊದಲ ಕರಡು ಬರೆದು ಮುಗಿಸಿದ.

ನಿರ್ಮಾಪಕರಾದ ವಿಂಕ್ಲರ್ ಮತ್ತು ಚಾರ್ಟಾಫ್ ಅವರಿಗೆ ಕಥೆ ಹಿಡಿಸಿತು. ಆದರೆ ದೊಡ್ಡ ನಟ ಬೇಕಿತ್ತು. ‘ಕಥೆ ಮಾರು, ನೀನು ಸರಿ’ ಎನ್ನುವ ವ್ಯವಹಾರ. ಬೆಲೆ ಏರುತ್ತ 3 ಲಕ್ಷ ಡಾಲರ್ ದಾಟಿತು. ಆಗ ಬ್ಯಾಂಕಿನಲ್ಲಿ ತನ್ನದಿದ್ದದ್ದು 106 ಡಾಲರ್ ಎಂದು ಸ್ಟಲೋನ್ ಆಮೇಲೆ ಹೇಳಿಕೊಂಡಿದ್ದಾನೆ. ಹೆಂಡತಿ ಬಸುರಿ. ಸಾಕಲಾಗದೆ ನಾಯಿಯನ್ನೂ ಮಾರಿದ್ದ. ಬಿ.ಕಾಂ. ಮಾಡಿದ ನನ್ನಂಥವನು ಆ ಲೆಕ್ಕ ನೋಡಿದರೆ ‘ಕೊಟ್ಟುಬಿಡಪ್ಪ’ ಅಂತಲೇ ಹೇಳುತ್ತಿದ್ದೆ. ಆತ ಕೊಡಲಿಲ್ಲ. ರಾಕಿ ನಾನೇ ಆಗಬೇಕು ಅಂದ.

ಕಡೆಗೆ ಒಪ್ಪಿದರು. ಸುಮಾರು 10 ಲಕ್ಷ ಡಾಲರ್ ಖರ್ಚು, 28 ದಿನ ಶೂಟಿಂಗ್. ಹಾಲಿವುಡ್‌ಗೆ ಇದು ಚಿಲ್ಲರೆ ಕಾಸು. ನಟನೇ ಬರಹಗಾರನಾದ ಲಾಭ ಇಲ್ಲಿ ಕಾಣುತ್ತದೆ. ಹಿಮದ ಮೇಲೆ ಜಾರುವ ಅಂಗಳದಲ್ಲಿ ನಾಯಕ, ನಾಯಕಿ ಮೊದಲ ಸಲ ಸುತ್ತಾಡುವ ದೃಶ್ಯ. ಸುತ್ತಲೂ ನೂರಾರು ಜನ ಇರಬೇಕಿತ್ತು, ರೊಕ್ಕ ಇರಲಿಲ್ಲ. ಅಂಗಳ ಮುಚ್ಚಿದೆ, ಕಾವಲುಗಾರನಿಗೆ ಕಾಸು ಕೊಟ್ಟು ಹತ್ತು ನಿಮಿಷ ಒಳಗೆ ಬಿಡಿಸಿಕೊಳ್ಳುತ್ತಾರೆ ಎಂದು ತಿದ್ದಿದರು. ಖಾಲಿ ಅಂಗಳದಲ್ಲಿ ಆಕೆ ಜಾರುತ್ತಾಳೆ, ಈತ ಬರಿ ಬೂಟಿನಲ್ಲಿ ಬಾಜೂಕ ಓಡುತ್ತ ಮಾತಾಡುತ್ತಾನೆ. ಇಡೀ ಸಿನಿಮಾದಲ್ಲಿ ನನಗೆ ಬಡಿದಾಟಕ್ಕಿಂತ ಇದೇ ಸೇರಿದ್ದು. ಬಾಕ್ಸಿಂಗ್ ನಿಲುವಂಗಿ ದೊಗಲೆಯಾಗಿ ಬಂದಾಗಲೂ ಹಾಗೇ, ರಾಕಿಯ ಬಾಯಲ್ಲೇ ಅದಕ್ಕೊಂದು ಮಾತು ಇಟ್ಟರು.

ಇನ್ನೊಂದು: ಕೊನೆಯ ಪಂದ್ಯದಲ್ಲಿ ರಾಕಿ ಗೆಲ್ಲುವುದಿಲ್ಲ. ನಮ್ಮ ಹುಡುಗರಿಗೆ ಇದು ಹೇಳಿದರೆ ನಂಬುವುದಿಲ್ಲ.

1976ರಲ್ಲಿ ಬಂದ ಚಿತ್ರ ಅಮೆರಿಕದಲ್ಲೇ 11 ಕೋಟಿ ಡಾಲರ್‌ಗೂ ಮಿಕ್ಕಿ ಗಳಿಸಿತು. ಶ್ರೇಷ್ಠ ಚಿತ್ರ ಸೇರಿ ಮೂರು ಆಸ್ಕರ್ ಬಂದವು. ಒಂದೇ ಚಿತ್ರಕ್ಕೆ ನಟನೆ, ಬರವಣಿಗೆ ಎರಡರಲ್ಲೂ ನಾಮನಿರ್ದೇಶನ ಪಡೆದವರು ಸ್ಟಲೋನ್‌ಗಿಂತ ಮೊದಲು ಚಾಪ್ಲಿನ್ ಮತ್ತು ಆರ್ಸನ್ ವೆಲ್ಸ್ ಇಬ್ಬರೇ. ಆದರೆ ಆ ಎರಡೂ ಪ್ರಶಸ್ತಿ ‘ನೆಟ್‌ವರ್ಕ್’ ಚಿತ್ರದ ಪಾಲಾದವು.

1982ರ ಮೊದಲ ರ‍್ಯಾಂಬೋ ಚಿತ್ರದ ಬರಹಗಾರರಲ್ಲೂ ಆತನ ಹೆಸರಿದೆ. ಮೂಲ ಕಾದಂಬರಿಯಲ್ಲಿ ರ‍್ಯಾಂಬೋ ಸಾಯುತ್ತಾನೆ, ಸಿನಿಮಾದಲ್ಲಿ ಉಳಿದ.

ಮಾರಿದ ನಾಯಿಯ ಹೆಸರು ಬಟ್ಕಸ್. ಕೈಗೆ ರೊಕ್ಕ ಬಂದ ಕೂಡಲೇ ಸ್ಟಲೋನ್ ಕೊಂಡವನಿಗೆ ಮಾರಿದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಕೊಟ್ಟು ಬಿಡಿಸಿಕೊಂಡು ಬಂದ. ‘ರಾಕಿ’ಯಲ್ಲಿ ಆತನ ಜತೆ ಕಾಣುವ ದೊಡ್ಡ ನಾಯಿ ಅದೇ.